ಗವಂತಿಯ ಹಿಂಬದಿ: ಕೌಟುಂಬಿಕ ಹಿಂಸೆಯಿಂದ ಹೊರಬಂದ ಮಹಿಳೆಯೊಬ್ಬರ ಚೇತರಿಕೆಯ ಪ್ರಕರಣ ಅಧ್ಯಯನ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಮಹಿಳೆ ಒಪ್ಪಿಗೆ ಕೊಟ್ಟಿದ್ದಾರೆ. ಬರೆದದ್ದನ್ನು ಪೂರ್ತಿ ಓದಿಸಿಕೊಂಡು ಎರಡು ಕಡೆ ತಿದ್ದಿಸಿದ್ದಾರೆ. ಅವರನ್ನು ಗುರುತಿಸಬಹುದಾದ ವಿವರಗಳನ್ನು ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಬದಲಿ ಹೆಸರೊಂದನ್ನು ಇಡೋಣವೆಂದರೆ ಅವರಿಗೆ ಅದು ಇಷ್ಟವಾಗಲಿಲ್ಲ, ಆದ್ದರಿಂದ ಇಲ್ಲಿ ಯಾವ ಹೆಸರೂ ಇಲ್ಲ.

ನಾನು ಬೆಂಗಳೂರಿನ ಒಂದು ಸಣ್ಣ ಮಹಿಳಾ ಸಹಾಯ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ನಮ್ಮಲ್ಲಿಗೆ ಬರುವ ಪ್ರತಿಯೊಬ್ಬರಿಗೂ ನಾವು ಒಂದಲ್ಲ ಒಂದು ದಿನ ಹೇಳುವ ಮಾತೊಂದಿದೆ: ‘ಏನಾದರೂ ಕೆಲಸದಲ್ಲಿ ತೊಡಗಿಕೊಳ್ಳಿ, ಮನಸ್ಸು ಹಗುರವಾಗುತ್ತದೆ.’ ಈ ಪ್ರಕರಣದಲ್ಲಿ ಆ ಮಾತು ಮೊದಲು ಕೆಡುಕನ್ನೇ ಮಾಡಿತು, ಅದನ್ನು ಹೇಳಿದವಳು ನಾನು. ಆಮೇಲೆ ಕೈಕೆಲಸವೇ ಅವರ ಚೇತರಿಕೆಗೆ ನಿಜವಾಗಿ ನೆರವಾಯಿತು. ಈ ಎರಡರ ನಡುವೆ ಬದಲಾದದ್ದೇನು ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ.

ಹಿನ್ನೆಲೆ

ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ಇಪ್ಪತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಅವರು ಬೆಂಗಳೂರಿಗೆ ಬಂದರು. ಪತಿ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಲೇತ್ ಕೆಲಸಗಾರ. ಮದುವೆಯಾದ ಎರಡನೆಯ ವರ್ಷದಿಂದ ಅವರು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗತೊಡಗಿದರು. ಸಂಬಳ ಬ್ಯಾಂಕಿಗೆ ಬರುತ್ತಿತ್ತು, ಎ.ಟಿ.ಎಂ. ಕಾರ್ಡು ಪತಿಯ ಜೇಬಿನಲ್ಲಿ ಇರುತ್ತಿತ್ತು. ಹೊಡೆತ ವಾರಕ್ಕೊಮ್ಮೆ ಇರಲಿಲ್ಲ, ಆದರೆ ಯಾವಾಗ ಬೇಕಾದರೂ ಬೀಳಬಹುದಾಗಿತ್ತು. ಬೈಗುಳ, ತವರಿಗೆ ಫೋನ್ ಮಾಡಲು ಬಿಡದಿರುವುದು, ದುಡಿದ ಹಣವನ್ನು ಕೈಗೆ ಕೊಡದಿರುವುದು ದಿನನಿತ್ಯದ್ದಾಗಿದ್ದವು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005 ತನ್ನ ಮೂರನೆಯ ಕಲಮಿನಲ್ಲಿ ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಹೆಸರಿಸಿದೆ. ಅವರು ಇದನ್ನು ಕೇಳಿದ್ದು ಹದಿನಾಲ್ಕು ವರ್ಷಗಳ ನಂತರ, ನಮ್ಮ ಕೇಂದ್ರದಲ್ಲಿ ಕುಳಿತು.

ಹೀಗೆ ತಡವಾಗಿ ಕೇಳುವವರು ಅವರೊಬ್ಬರೇ ಅಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಹಿಂಸೆ ಎಷ್ಟು ಹೆಚ್ಚಿತು, ಹೇಳಿಕೊಳ್ಳುವ ಧೈರ್ಯ ಎಷ್ಟು ಹೆಚ್ಚಿತು ಎಂದು ಬೇರ್ಪಡಿಸುವುದು ಕಷ್ಟ. ನಮ್ಮ ಬಾಗಿಲಿಗೆ ಬರುವವರು ಆ ಲೆಕ್ಕದ ತೀರ ಸಣ್ಣ ತುಣುಕು ಎಂಬುದು ಮಾತ್ರ ನಿಶ್ಚಿತ.

ಒಂದು ವಿವರವನ್ನು ಇಲ್ಲಿ ಹೇಳಬೇಕು, ಏಕೆಂದರೆ ಮೊದಲ ಮೂರು ತಿಂಗಳು ನಾನು ಅದನ್ನು ಕೇಳಿಯೇ ಇರಲಿಲ್ಲ. ಅವರ ತಾಯಿ ಕಸೂತಿ ಹಾಕುವವರು. ಮಗಳ ಮದುವೆಗೆ ಒಂದು ಕಪ್ಪು ಚಂದ್ರಕಾಳಿ ಸೀರೆಗೆ ತಾವೇ ಕೈಯಾರೆ ಕಸೂತಿ ಹಾಕಿ ಕೊಟ್ಟಿದ್ದರು. ಮಗಳಿಗೂ ಹತ್ತನೆಯ ವಯಸ್ಸಿನಿಂದ ಆ ಕೆಲಸ ಬರುತ್ತಿತ್ತು. ಮದುವೆಯಾದ ಆರನೆಯ ವರ್ಷ, ಅಡುಗೆ ತಡವಾಯಿತೆಂಬ ನೆಪಕ್ಕೆ, ಪತಿ ಅವರ ದಾರದ ಡಬ್ಬಿಯನ್ನು ತೆಗೆದು ಮನೆ ಮುಂದಿನ ಮೋರಿಗೆ ಎಸೆದಿದ್ದ. ಅಂದಿನಿಂದ ಅವರು ಕಸೂತಿಯ ಸೂಜಿ ಹಿಡಿದಿರಲಿಲ್ಲ.

ಮನೆ ಬಿಟ್ಟ ಮೇಲೆ

2023ರ ಆಗಸ್ಟ್‌ನಲ್ಲಿ, ಏಳನೆಯ ತರಗತಿಯಲ್ಲಿ ಓದುತ್ತಿದ್ದ ಮಗಳನ್ನು ಕರೆದುಕೊಂಡು ಅವರು ಮನೆ ಬಿಟ್ಟರು. ಪಕ್ಕದ ಮನೆಯವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಕೊಟ್ಟಿದ್ದರು. ಕೆಲವು ದಿನ, ಹಿಂಸೆಗೊಳಗಾದ ಮಹಿಳೆಯರಿಗಾಗಿ ಇರುವ ಸರ್ಕಾರದ ‘ಸಖಿ’ ಕೇಂದ್ರದಲ್ಲಿ ತಂಗಿ, ಅಲ್ಲಿಂದ ನಮ್ಮಲ್ಲಿಗೆ ಬಂದರು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳೂ ಆಗಿರುತ್ತಾರೆ. ಅವರ ಮೂಲಕ ಕೌಟುಂಬಿಕ ಘಟನೆಯ ವರದಿ ಸಿದ್ಧವಾಯಿತು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುವುದರಿಂದ ವಕೀಲರ ಖರ್ಚು ಬೀಳಲಿಲ್ಲ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಿಗದಿಯಾಗಬೇಕು, ಅರವತ್ತು ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಇವರಿಗೆ ಮಧ್ಯಂತರ ಆದೇಶವೊಂದೇ ಸಿಕ್ಕಿದ್ದು ಐದನೆಯ ತಿಂಗಳಿಗೆ.

ಆ ಹೊತ್ತಿಗಾಗಲೇ ಅವರು ನಗರದ ಇನ್ನೊಂದು ಮೂಲೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು, ಬೇರೊಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದ್ದರು. ಕೈಗೆ ಬರುತ್ತಿದ್ದುದು ಸುಮಾರು ಹನ್ನೊಂದೂವರೆ ಸಾವಿರ, ಬಾಡಿಗೆ ಐದೂವರೆ ಸಾವಿರ. ಅದೇ ವರ್ಷದ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಿದ್ದರಿಂದ ಬಿ.ಎಂ.ಟಿ.ಸಿ. ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ. ಇದು ಸಣ್ಣ ಸಂಗತಿಯಂತೆ ಕಂಡರೂ, ಕೈಯಲ್ಲಿ ಹಣವಿಲ್ಲದ ಹೆಣ್ಣುಮಗಳು ಸಮಾಲೋಚನೆಗೆ ತಪ್ಪದೆ ಬರುವುದಕ್ಕೂ ಬಾರದೆ ಉಳಿಯುವುದಕ್ಕೂ ಇರುವ ಅಂತರ ಎಷ್ಟೋ ಸಲ ಬಸ್ಸಿನ ಟಿಕೇಟಿನಷ್ಟೇ ಇರುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ನನ್ನ ಸಲಹೆಯಂತೆ ಅವರು ಬಿಡುವಿಲ್ಲದಂತೆ ದಿನಗಳನ್ನು ತುಂಬಿಕೊಂಡರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಕಾರ್ಖಾನೆ. ಸಂಜೆ ಮನೆಯಲ್ಲಿ ಸೀರೆಗೆ ಫಾಲ್, ಪೀಕೊ, ಕುಚ್ಚು. ಭಾನುವಾರ ನಮ್ಮಲ್ಲಿ ಮೇಣದಬತ್ತಿ ತರಬೇತಿ, ಅದು ಮುಗಿದ ಮೇಲೆ ಕಂಪ್ಯೂಟರ್ ತರಗತಿ. ರಾತ್ರಿ ಹನ್ನೆರಡರವರೆಗೆ ಕುಚ್ಚು ಕಟ್ಟಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದರು. ಅಳುವುದಿಲ್ಲ, ದೂರುವುದಿಲ್ಲ, ಹೇಳಿದ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಸೆಪ್ಟೆಂಬರ್ ತಿಂಗಳ ಕಡತದಲ್ಲಿ ನಾನು ‘ಉತ್ತಮ ಪ್ರಗತಿ’ ಎಂದು ಬರೆದಿದ್ದೇನೆ. ಹೊಸದಾಗಿ ಬಂದವರಿಗೆ ಅವರನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದೆವು.

ಆಯುಧಪೂಜೆಯ ದಿನ

ಆ ವರ್ಷ ಆಯುಧಪೂಜೆ ಅಕ್ಟೋಬರ್ 23ರಂದು ಬಂದಿತ್ತು. ಹಿಂದಿನ ದಿನ ಭಾನುವಾರ, ಮರುದಿನ ವಿಜಯದಶಮಿ. ಕಾರ್ಖಾನೆಗೆ ಸಾಲಾಗಿ ಮೂರು ದಿನ ರಜೆ. ನಮ್ಮ ತರಗತಿಗಳೂ ಇರಲಿಲ್ಲ. ಫಾಲ್ ಹಾಕಲು ಸೀರೆ ಕೊಡುವ ಅಂಗಡಿಯೂ ಮುಚ್ಚಿತ್ತು. ಮನೆ ಬಿಟ್ಟು ಬಂದ ಮೇಲೆ ಮೊದಲ ಬಾರಿಗೆ ಅವರ ಕೈ ಖಾಲಿಯಾಯಿತು.

ಬೆಂಗಳೂರಿನಲ್ಲಿ ಆ ದಿನ ಹೇಗಿರುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತು. ಪ್ರತಿ ಅಂಗಡಿ, ಪ್ರತಿ ವರ್ಕ್‌ಶಾಪ್, ಪ್ರತಿ ಗಾಡಿಯ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ. ಕಾಯಿಯೊಳಗೆ ತುಂಬಿದ ಕುಂಕುಮದ ಕೆಂಪು ರಸ್ತೆಯ ಮೇಲೆಲ್ಲ ಹರಡಿಕೊಳ್ಳುತ್ತದೆ. ಲೇತ್ ಕೆಲಸಗಾರನಾದ ಅವರ ಪತಿಗೆ ಅದು ವರ್ಷದ ದೊಡ್ಡ ಹಬ್ಬವಾಗಿತ್ತು, ಕುಡಿದು ಬರುತ್ತಿದ್ದ ರಾತ್ರಿಯೂ ಆಗಿತ್ತು. ಮಧ್ಯಾಹ್ನ ಅವರ ಮನೆಯ ಕೆಳಗಿನ ಗ್ಯಾರೇಜಿನವರು ಒಂದರ ಹಿಂದೆ ಒಂದು ಕಾಯಿ ಒಡೆದರು. ಸಂಜೆಯ ಹೊತ್ತಿಗೆ ಮಗಳು ನನಗೆ ಫೋನ್ ಮಾಡಿದಳು: ‘ಆಂಟಿ, ಅಮ್ಮ ಮಂಚದ ಕೆಳಗೆ ಹೋಗಿ ಕೂತಿದ್ದಾಳೆ, ಬರ್ತಾನೇ ಇಲ್ಲ.’

ನಾನು ಹೋದಾಗ ಅವರು ಹೊರಗೆ ಬಂದಿದ್ದರು, ಆದರೆ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅದಾದ ಮೇಲೆ ಹದಿನೈದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಖಿನ್ನತೆಯನ್ನೂ ಆಘಾತೋತ್ತರ ಒತ್ತಡದ ಲಕ್ಷಣಗಳನ್ನೂ ಗುರುತಿಸಿ ಔಷಧ ಆರಂಭಿಸಿದರು. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ ಇಪ್ಪತ್ತೇಳಕ್ಕೆ ಹತ್ತೊಂಬತ್ತು ಅಂಕ ಬಂದಿತ್ತು. ಇಲ್ಲಿ ಹೆಚ್ಚು ಅಂಕವೆಂದರೆ ಹೆಚ್ಚು ಸಂಕಟ. ಮೂರು ತಿಂಗಳಿನಿಂದ ವಾರಕ್ಕೊಮ್ಮೆ ನೋಡುತ್ತಿದ್ದ ನಾನು ಒಮ್ಮೆಯೂ ಆ ಪ್ರಶ್ನೆಗಳನ್ನು ಕೇಳಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವವರನ್ನು ಕೇಳಬೇಕೆಂದು ನನಗೆ ತೋಚಲಿಲ್ಲ.

ತಪ್ಪು ಎಲ್ಲಿತ್ತು

ನವೆಂಬರ್‌ನಲ್ಲಿ ಮತ್ತೆ ಮಾತು ಶುರುವಾದಾಗ, ಸುಮ್ಮನೆ ಕುಳಿತರೆ ಏನಾಗುತ್ತದೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು ಇದು: ‘ಗಾಡಿ ಸಪ್ಪಳ ಕೇಳಿದ ಕೂಡ್ಲೆ ಎದ್ದು ಕಸಬರಿಗಿ ಹಿಡೀತಿದ್ದೆ ಅಕ್ಕಾರ. ಕುಂತಿದ್ದು ಕಂಡ್ರ ಮುಗೀತು. ಕಸ ಇಲ್ಲಂದ್ರೂ ಹೊಡೀತಿದ್ದೆ.’

ಆಗ ನನಗೆ ನೆನಪಾಯಿತು. ನಾನು ತರಬೇತಿ ಕೋಣೆಗೆ ಕಾಲಿಟ್ಟಾಗಲೆಲ್ಲ ಅವರು ಥಟ್ಟನೆ ಎದ್ದು ಏನಾದರೊಂದನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು: ಒಂದು ಬಟ್ಟೆ, ಖಾಲಿ ಅಚ್ಚು, ಕೆಲವು ಸಲ ಒರೆಸಿದ ಮೇಜನ್ನೇ ಮತ್ತೆ ಒರೆಸಲು ಒಂದು ಚಿಂದಿ. ನಾನು ಅದನ್ನು ಶ್ರದ್ಧೆ ಎಂದುಕೊಂಡಿದ್ದೆ. ಹದಿನಾಲ್ಕು ವರ್ಷ ಒಬ್ಬನ ಭಯಕ್ಕೆ ಮಾಡಿದ್ದನ್ನೇ ಅವರು ಈಗ ನನ್ನ ಮಾತಿಗೆ ಕಟ್ಟುಬಿದ್ದು ಮಾಡುತ್ತಿದ್ದರು. ಆಜ್ಞೆ ಕೊಡುವವರು ಬದಲಾಗಿದ್ದರು, ದನಿ ಮೃದುವಾಗಿತ್ತು. ಬಿಡುವು ಎಂಬುದು ಅವರ ಪಾಲಿಗೆ ಅಪರಾಧವಾಗಿಯೇ ಉಳಿದಿತ್ತು.

ಚಟುವಟಿಕೆಯಿಂದ ಖಿನ್ನತೆ ತಗ್ಗುತ್ತದೆ ಎಂಬ ಮಾತು ಸುಳ್ಳಲ್ಲ. 1970ರ ದಶಕದಿಂದ ಬೆಳೆದುಬಂದ ಚಟುವಟಿಕೆ ಆಧಾರಿತ ಚಿಕಿತ್ಸೆಯ ಹಿಂದೆ ಗಟ್ಟಿಯಾದ ಸಂಶೋಧನೆಯಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರೇ ಅದನ್ನು ನಡೆಸಿ ಫಲ ಕಂಡ ಅಧ್ಯಯನವೊಂದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನಮ್ಮಂಥ ಕೇಂದ್ರಗಳಿಗೆ ಇದು ದೊಡ್ಡ ಭರವಸೆ. ಆದರೆ ಆ ಚಿಕಿತ್ಸೆಯ ತಿರುಳು ಬಿಡುವಿಲ್ಲದಿರುವುದರಲ್ಲಿ ಇಲ್ಲ. ಒಂದು ಚಟುವಟಿಕೆ ಆ ವ್ಯಕ್ತಿಗೆ ಬೇಕಾದ ಬದುಕಿನ ಕಡೆಗೆ ಕರೆದೊಯ್ಯುತ್ತಿದೆಯೋ, ಅಥವಾ ನೋವಿನಿಂದ ತಪ್ಪಿಸಿಕೊಳ್ಳುವ ದಾರಿಯಷ್ಟೇ ಆಗಿದೆಯೋ ಎಂಬುದನ್ನು ಇಬ್ಬರೂ ಕುಳಿತು ಗಮನಿಸಬೇಕು. ಹೊರನೋಟಕ್ಕೆ ಎರಡೂ ಒಂದೇ ತರಹ ಕಾಣುತ್ತವೆ. ನಾನು ಗಮನಿಸುವ ಕೆಲಸವನ್ನು ಬಿಟ್ಟು, ತುಂಬಿಸುವ ಕೆಲಸವನ್ನು ಮಾತ್ರ ಮಾಡಿದ್ದೆ.

ಸರಿಪಡಿಸಲು ಹೋಗಿ ಇನ್ನೊಂದು ಎಡವಟ್ಟೂ ಆಯಿತು. ಮನಸ್ಸಿನಲ್ಲಿರುವುದನ್ನು ಬರೆಯುವುದರಿಂದ ಒಳಿತಾಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಿಂದ ನಡೆಸಿದ ಪ್ರಯೋಗಗಳು ಪ್ರಸಿದ್ಧ. ಒಂದು ನೋಟ್‌ಬುಕ್ ಕೊಟ್ಟು ದಿನಕ್ಕೆ ಹದಿನೈದು ನಿಮಿಷ ಬರೆಯಿರಿ ಎಂದೆ. ಬರೆದ ಕೂಡಲೇ ಕೆಲವರಿಗೆ ಸಂಕಟ ಹೆಚ್ಚುತ್ತದೆ ಎಂಬುದನ್ನೂ ಅದೇ ಪ್ರಯೋಗಗಳು ಹೇಳಿದ್ದವು. ಅವರು ಎರಡು ಪುಟ ಬರೆದು ಎರಡು ರಾತ್ರಿ ನಿದ್ದೆಗೆಟ್ಟರು. ನ್ಯಾಯಾಲಯಕ್ಕೆಂದು ಘಟನೆಗಳನ್ನು ತಾರೀಖಿನ ಸಮೇತ ಬರೆದುಕೊಡಬೇಕಾಗಿದ್ದ ದಿನಗಳವು. ಪೆನ್ನು ಹಿಡಿದರೆ ಅವರಿಗೆ ಎದುರು ವಕೀಲರ ಪ್ರಶ್ನೆಗಳೇ ಕೇಳಿಸುತ್ತಿದ್ದವು. ನೋಟ್‌ಬುಕ್ಕನ್ನು ಅವರ ಕೈಯಿಂದಲೇ ಕಪಾಟಿನಲ್ಲಿ ಇಡಿಸಿ ಬೀಗ ಹಾಕಿದೆವು. ಆಘಾತದ ಚಿಕಿತ್ಸೆಯಲ್ಲಿ ಸುರಕ್ಷತೆ ಮೊದಲು, ನೆನಪನ್ನು ಎದುರಿಸುವುದು ಅದರ ನಂತರ ಎಂಬ ಕ್ರಮ ಸುಮ್ಮನೆ ಬಂದುದಲ್ಲ. ಪತಿ ದೂರವಿರಬೇಕೆಂಬ ಆದೇಶವೇ ಇನ್ನೂ ಕೈಗೆ ಬಂದಿಲ್ಲದ ಮಹಿಳೆಗೆ ನಾನು ಎರಡನೆಯ ಮೆಟ್ಟಿಲು ತೋರಿಸಿದ್ದೆ.

ಕಸೂತಿ ಮತ್ತೆ ಕೈಗೆ ಬಂದದ್ದು

ಅದನ್ನು ನಾನು ಸೂಚಿಸಲಿಲ್ಲ. ಡಿಸೆಂಬರ್‌ನಲ್ಲಿ ದಾನಿಯೊಬ್ಬರು ಕೇಂದ್ರಕ್ಕೆ ಕಳಿಸಿದ ಹಳೆಯ ಬಟ್ಟೆಗಳಲ್ಲಿ ಒಂದು ಇಳಕಲ್ ಸೀರೆ ಇತ್ತು. ಕಸೂತಿಯ ಸೀರೆ ಎಂದು ಎಲ್ಲರೂ ಮೆಚ್ಚುತ್ತಿದ್ದರು. ಅವರು ಹತ್ತಿರ ಬಂದು, ಸೆರಗನ್ನು ಎತ್ತಿ, ತಿರುಗಿಸಿ ಹಿಂಬದಿಯನ್ನು ನೋಡಿದರು. ‘ಇದು ಮಷೀನಿಂದ್ರಿ. ಹಿಂದಿನ ಮಗ್ಗಲ ನೋಡ್ರಿ, ಗಂಟು ಅದಾವು. ಗವಂತಿಗೆ ಗಂಟು ಇರಂಗಿಲ್ಲ.’ ಅಷ್ಟು ತಿಂಗಳಲ್ಲಿ ಯಾರೂ ಕೇಳದೆ ಅವರು ತಾವಾಗಿ ಆಡಿದ ಮೊದಲ ಮಾತು ಅದು ಎಂದು ನನ್ನ ನೆನಪು. ದನಿಯಲ್ಲಿ ಸಂಕೋಚವಿರಲಿಲ್ಲ.

ತಿಳಿಯದವರಿಗಾಗಿ ಹೇಳುವುದಾದರೆ, ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ನೂಲಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲವನ್ನೂ ಮೂಡಿಸಬೇಕು. ಗವಂತಿಯಲ್ಲಿ ಸೂಜಿ ಒಮ್ಮೆ ಸಾಗಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಬೀಳುತ್ತದೆ. ಆಗ ಕಾಣುವುದು ನಡುನಡುವೆ ತುಂಡಾದ ಗೆರೆ. ಅದೇ ದಾರಿಯಲ್ಲಿ ಸೂಜಿ ಹಿಂತಿರುಗಿ ಬರುವಾಗ ಬಿಟ್ಟ ಜಾಗಗಳೆಲ್ಲ ತುಂಬುತ್ತವೆ. ಕೆಲಸ ಸರಿಯಾಗಿದ್ದರೆ ಎರಡೂ ಬದಿ ಒಂದೇ ತರಹ ಇರುತ್ತದೆ. ದಾರದ ತುದಿಗಳು ಹೊಲಿಗೆಯೊಳಗೇ ಅಡಗುತ್ತವೆ. ಆದ್ದರಿಂದಲೇ ಬಲ್ಲವರು ಮೊದಲು ಹಿಂಬದಿ ನೋಡುತ್ತಾರೆ.

ಮುಂದಿನ ವಾರ ಅವರೇ ಕೇಳಿ ರಾಜಾ ಮಾರ್ಕೆಟ್‌ಗೆ ಹೊರಟರು; ನಾನೂ ಜೊತೆಗೆ ಹೋದೆ. ಅರ್ಧ ಮೀಟರ್ ಮ್ಯಾಟಿ ಬಟ್ಟೆ, ಒಂದು ಸೂಜಿ ಪೊಟ್ಟಣ, ಮೂರು ಲಡಿ ದಾರ. ಈ ಮೂರು ಲಡಿಗಳನ್ನು ಆರಿಸಲು ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಪ್ರತಿ ಬಣ್ಣವನ್ನೂ ಎತ್ತಿ, ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು, ನನ್ನ ಮುಖ ನೋಡುತ್ತಿದ್ದರು. ನಾನು ಬೇಕೆಂದೇ ಏನೂ ಹೇಳಲಿಲ್ಲ. ಕೊನೆಗೆ ಕುಂಕುಮಗೆಂಪನ್ನು ಪಕ್ಕಕ್ಕೆ ಸರಿಸಿ, ದಟ್ಟ ಹಸಿರು, ಅರಿಶಿನ, ಬದನೆಕಾಯಿ ಬಣ್ಣ ಎಂದರು. ಹಣ ಕೊಟ್ಟು ಚೀಟಿ ಇಸಿದುಕೊಂಡು ಮಡಚಿ ಕುಪ್ಪಸದೊಳಗೆ ಇಟ್ಟುಕೊಳ್ಳಲು ಹೋದವರು, ಯಾರಿಗೂ ಲೆಕ್ಕ ತೋರಿಸಬೇಕಿಲ್ಲವೆಂಬುದು ಹೊಳೆದು ಅದನ್ನು ಅಲ್ಲೇ ಬಿಟ್ಟರು.

ನಮ್ಮ ನಡುವೆ ಆದ ಒಪ್ಪಂದ ಸರಳವಾಗಿತ್ತು. ಕಾರ್ಖಾನೆ ಉಳಿಯಬೇಕು, ಅದು ಅನ್ನದ ಮೂಲ. ಫಾಲ್, ಕುಚ್ಚು ವಾರಕ್ಕೆ ನಾಲ್ಕು ಸೀರೆಗೆ ಇಳಿಯಬೇಕು. ಕಂಪ್ಯೂಟರ್, ಮೇಣದಬತ್ತಿ ಸದ್ಯಕ್ಕೆ ಬೇಡ. ದಿನಕ್ಕೆ ಅರ್ಧ ಗಂಟೆ ಕಸೂತಿ, ಆದರೆ ಅದನ್ನು ಮಾರುವಂತಿಲ್ಲ, ಮುಗಿಸಲೇಬೇಕೆಂದಿಲ್ಲ, ಯಾರಿಗೂ ತೋರಿಸಬೇಕೆಂದಿಲ್ಲ. ಬೇಡವೆನಿಸಿದ ದಿನ ಮುಟ್ಟಬೇಕಿಲ್ಲ. ಈ ಕೊನೆಯ ಷರತ್ತನ್ನು ಅವರು ನಂಬಲು ಎರಡು ತಿಂಗಳು ಹಿಡಿಯಿತು.

ಸೂಜಿ ಹಿಡಿದ ಮೊದಲ ವಾರದಲ್ಲಿ ಒಂದು ಗೋಪುರದ ನಾಲ್ಕನೆಯ ಸಾಲಿನಲ್ಲಿ ಒಂದು ಎಳೆ ಲೆಕ್ಕ ತಪ್ಪಿತು. ಅವರು ಅದನ್ನು ಕೇಂದ್ರದ ಕಿಟಕಿಯ ಬಳಿ ಕುಳಿತು ಹಾಕುತ್ತಿದ್ದರು. ತಪ್ಪು ಕಂಡ ಕೂಡಲೇ ಬೆವರಿದರು. ಬಾಗಿಲ ಕಡೆ ನೋಡಿದರು. ಸೂಜಿಯ ತುದಿಯಿಂದ ದಾರವನ್ನು ಎಷ್ಟು ಅವಸರದಿಂದ ಬಿಚ್ಚಿದರೆಂದರೆ ಬಟ್ಟೆಯ ಎರಡು ಎಳೆಗಳೂ ಕಿತ್ತುಬಂದವು. ಬಾಗಿಲಲ್ಲಿ ಯಾರೂ ಇರಲಿಲ್ಲ. ಔಷಧ, ವಾರದ ಮಾತುಕತೆ, ಜನವರಿಯಲ್ಲಿ ಕೊನೆಗೂ ಸಿಕ್ಕ ಮಧ್ಯಂತರ ಆದೇಶ, ಬಾಗಿಲಿಗೆ ಹಾಕಿಸಿದ ಹೊಸ ಚಿಲಕ, ಇವೆಲ್ಲ ಸೇರಿ ನಿಧಾನವಾಗಿ ನಿದ್ದೆ ಮರಳಿತು. ಫೆಬ್ರವರಿಯ ಒಂದು ಸಂಜೆ ಅದೇ ತಪ್ಪು ಮತ್ತೆ ಆಯಿತು, ಈ ಸಲ ತೇರಿನ ಕಳಶದಲ್ಲಿ. ಅವರು ಸೂಜಿ ನಿಲ್ಲಿಸಿ ನೋಡಿದರು. ನಾನೂ ನೋಡಿದೆ. ‘ಇರ್ಲಿ ಬಿಡ್ರಿ’ ಎಂದು ಮುಂದಿನ ಎಳೆ ಎಣಿಸತೊಡಗಿದರು. ನನ್ನ ಇಡೀ ಕಡತದಲ್ಲಿ ಪ್ರಗತಿ ಎಂಬ ಪದವನ್ನು ಧೈರ್ಯವಾಗಿ ಬರೆದಿರುವುದು ಆ ದಿನಾಂಕದ ಎದುರು ಮಾತ್ರ.

ಕಸೂತಿಯೇ ಏಕೆ ಒಗ್ಗಿತು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎಳೆ ಎಣಿಸುವಾಗ ಗಮನ ಆ ಕ್ಷಣದಲ್ಲೇ ನಿಲ್ಲಬೇಕಾಗುತ್ತದೆ, ಆದರೆ ತಲೆ ದಣಿಯುವಷ್ಟು ಕಷ್ಟವೂ ಅಲ್ಲ. ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಆರಂಭಿಸಬಹುದು. ತಪ್ಪನ್ನು ಬಿಚ್ಚಬಹುದು, ಬಿಡಲೂಬಹುದು. ಇವೆಲ್ಲ ನಿಜವಿರಬಹುದು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಮುಖ್ಯವಾದದ್ದು, ಅದು ಅವರದೇ ಆಗಿದ್ದು, ಕಿತ್ತುಕೊಳ್ಳಲ್ಪಟ್ಟಿದ್ದು, ಅವರೇ ಹುಡುಕಿ ಮರಳಿ ಪಡೆದದ್ದು. ಇನ್ನೊಬ್ಬರಿಗೆ ಅದು ತಾರಸಿಯ ಮೇಲಿನ ಎರಡು ಕುಂಡ ಇರಬಹುದು, ಭಜನೆಯ ಹಾಡು ಇರಬಹುದು, ಸೈಕಲ್ ಕಲಿಯುವುದಿರಬಹುದು. ಇವರನ್ನು ಕಂಡು ಎಲ್ಲರಿಗೂ ಕಸೂತಿ ಹೇಳಿಕೊಡಲು ಹೊರಟರೆ ನಾನು ಮೊದಲಿನ ತಪ್ಪನ್ನೇ ಬೇರೆ ಬಣ್ಣದ ದಾರದಲ್ಲಿ ಮಾಡಿದಂತಾಗುತ್ತದೆ.

ಮಗಳಿಗೆ ಸೂಜಿಯಲ್ಲಿ ಆಸಕ್ತಿ ಹುಟ್ಟಲಿಲ್ಲ. ಆದರೆ ತಾಯಿ ನೆನಪಿನಿಂದ ಹೇಳುತ್ತಿದ್ದ ವಿನ್ಯಾಸಗಳನ್ನು ಅವಳು ಗಣಿತದ ಗ್ರಾಫ್ ಪುಸ್ತಕದಲ್ಲಿ ಚೌಕ ಚೌಕವಾಗಿ ತುಂಬಿಕೊಟ್ಟಳು. ಮದುವೆಯ ಆ ಚಂದ್ರಕಾಳಿ ಸೀರೆಯ ಸೆರಗಿನ ವಿನ್ಯಾಸ ಹೀಗೆ ಐದು ಪುಟಗಳಲ್ಲಿ ಮತ್ತೆ ಮೂಡಿತು. ಅಲ್ಲಿಯವರೆಗೆ ಸೀರೆಯ ಸುದ್ದಿಯೇ ನನಗೆ ತಿಳಿದಿರಲಿಲ್ಲ. ಅದು ಆ ಮನೆಯಲ್ಲೇ ಉಳಿದಿತ್ತು. ಸ್ತ್ರೀಧನವನ್ನು ಹಿಂದಿರುಗಿಸುವಂತೆ ಆದೇಶಿಸುವ ಅಧಿಕಾರ ಕಾಯ್ದೆಯ ಹತ್ತೊಂಬತ್ತನೆಯ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಇದೆ. ಅರ್ಜಿಯ ಜೊತೆ ಕೊಟ್ಟ ಪಟ್ಟಿಯಲ್ಲಿ ನಾವು ಚಿನ್ನ ಮತ್ತು ಪಾತ್ರೆಗಳನ್ನಷ್ಟೇ ಬರೆಸಿದ್ದೆವು. ವಕೀಲರಿಗೆ ಹೇಳಿ ಸೀರೆಯನ್ನೂ ಸೇರಿಸಿದೆವು.

ನಾವೇ ತಂದ ಆಪತ್ತು

ಮಾರ್ಚ್‌ನಲ್ಲಿ ನಮ್ಮ ಕೇಂದ್ರದ ಸ್ವಯಂಸೇವಕಿಯೊಬ್ಬರು ಅವರ ಮನೆಗೆ ಹೋದಾಗ ಗೋಡೆಗೆ ಆನಿಸಿ ಇಟ್ಟಿದ್ದ ತೇರಿನ ಕಸೂತಿಯ ಫೋಟೊ ತೆಗೆದು, ಮೆಚ್ಚುಗೆಯ ಮಾತಿನೊಂದಿಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಮುಖವಿರಲಿಲ್ಲ, ಹೆಸರಿರಲಿಲ್ಲ. ಹಿಂದೆ ಗೋಡೆಯ ಮೇಲೆ ಬೀದಿಯ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು, ಅದರ ಮೇಲೆ ಅಂಗಡಿಯ ಹೆಸರು, ಅಡ್ಡರಸ್ತೆಯ ಸಂಖ್ಯೆ, ಬಡಾವಣೆ. ಆ ಚಿತ್ರ ಯಾರಿಂದ ಯಾರಿಗೆ ಹೋಯಿತೋ, ನಾಲ್ಕನೆಯ ದಿನ ಪತಿ ಆ ಬೀದಿಯ ತುದಿಯಲ್ಲಿ ನಿಂತಿದ್ದ.

ಅವರು 112ಕ್ಕೆ ಕರೆ ಮಾಡಿದರು. ಆದೇಶದ ಪ್ರತಿ ಕೈಯಲ್ಲಿತ್ತು. ರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು, ದೂರು ದಾಖಲಾಯಿತು. ಆದರೂ ಮನೆ ಬದಲಿಸಬೇಕಾಯಿತು, ಮುಂಗಡದಲ್ಲಿ ಒಂದಿಷ್ಟು ಹಣ ಹೋಯಿತು, ಮೂರು ವಾರ ಕಸೂತಿಯ ಚೀಲ ಬಿಚ್ಚಲಿಲ್ಲ. ಬದುಕುಳಿದವರ ಕೈಕೆಲಸವನ್ನು ಜಗತ್ತಿಗೆ ತೋರಿಸಬೇಕೆಂಬ ನಮ್ಮ ಹಂಬಲದಲ್ಲಿ ಅವರಿಗಿಂತ ನಮ್ಮ ಸಂತೋಷವೇ ಹೆಚ್ಚಿರುತ್ತದೆ ಎಂದು ನಾನು ಆಗ ಕಲಿತೆ. ಈಗ ನಮ್ಮಲ್ಲಿ ಯಾರ ಕೆಲಸದ ಫೋಟೊವನ್ನೂ ಅವರ ಮನೆಯಲ್ಲಿ ತೆಗೆಯುವುದಿಲ್ಲ. ತೆಗೆದರೂ ಬರಿಯ ಬಿಳಿ ಬಟ್ಟೆಯ ಮೇಲಿಟ್ಟು, ಅವರ ಒಪ್ಪಿಗೆ ಕೇಳಿ, ಅವರದೇ ಫೋನಿನಲ್ಲಿ.

ಅದೇ ಹಂಬಲದ ಇನ್ನೊಂದು ರೂಪ ವಸ್ತುಪ್ರದರ್ಶನದ ಬೇಡಿಕೆ. ಇಪ್ಪತ್ತು ಕುಪ್ಪಸಗಳಿಗೆ ಕಸೂತಿ ಹಾಕಿಕೊಡಿ, ಒಳ್ಳೆಯ ಬೆಲೆ ಬರುತ್ತದೆ ಎಂದು ಹಿತೈಷಿಗಳೊಬ್ಬರು ಮೇ ತಿಂಗಳಲ್ಲಿ ಕೇಳಿದರು. ಹಣದ ಅಗತ್ಯ ನಿಜವಾಗಿತ್ತು, ಅವರು ಒಪ್ಪಿ ಆರು ಹಾಕಿದರು. ದಿನಾಂಕ ಹತ್ತಿರವಾದಂತೆ ರಾತ್ರಿ ಎಚ್ಚರಾಗುವುದು ಮತ್ತೆ ಶುರುವಾಯಿತು. ಏಳನೆಯದನ್ನು ಹಾಗೇ ಮಡಚಿ ತಂದು ನನ್ನ ಮೇಜಿನ ಮೇಲಿಟ್ಟು, ‘ನನ್ನ ಕೈಲೆ ಆಗಂಗಿಲ್ರಿ, ಅವ್ರಿಗೆ ನೀವ ಹೇಳ್ರಿ’ ಎಂದರು. ನೀವೇ ಹೇಳಿ, ನಾನು ಪಕ್ಕದಲ್ಲಿರುತ್ತೇನೆ ಎಂದೆ. ಫೋನಿನಲ್ಲಿ ಅವರು ಹೇಳಿದ್ದು ಎರಡೇ ವಾಕ್ಯ. ಹದಿನೈದು ವರ್ಷಗಳಲ್ಲಿ ಒಂದು ಕೆಲಸಕ್ಕೆ ಆಗುವುದಿಲ್ಲ ಎಂದದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಹಣದ ಕೊರತೆಯನ್ನು ವಾರಕ್ಕೆ ಇನ್ನೆರಡು ಸೀರೆಯ ಕುಚ್ಚಿನಿಂದ ತುಂಬಿಕೊಂಡರು. ಕುಚ್ಚು ಸಂಪಾದನೆಗೆ, ಕಸೂತಿ ತಮಗೆ ಎಂಬ ಈ ಗೆರೆಯನ್ನು ಎಳೆದದ್ದು ಅವರು. ಕೈಕೆಲಸ ಬಲ್ಲ ಪ್ರತಿ ಹೆಣ್ಣುಮಗಳನ್ನೂ ಸ್ವಯಂ ಉದ್ಯೋಗದ ಪಟ್ಟಿಗೆ ಸೇರಿಸಲು ಆತುರಪಡುವ ನಮ್ಮಂಥವರಿಗೆ ಅದು ತೋಚಿರಲಿಲ್ಲ.

ಈಗಿನ ಸ್ಥಿತಿ

ನ್ಯಾಯಾಲಯದ ದಿನಾಂಕಗಳು ಹತ್ತಿರವಾದಾಗ ಕೈ ಈಗಲೂ ನಡುಗುತ್ತದೆ. ವಿಚಾರಣೆಯ ಹಿಂದಿನ ಎರಡು ದಿನ, ಮುಂದಿನ ಎರಡು ದಿನವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಆ ದಿನಗಳಲ್ಲಿ ಅಡುಗೆ ಮತ್ತು ಕಾರ್ಖಾನೆ ಬಿಟ್ಟು ಬೇರೆ ಯಾವುದನ್ನೂ ತಮ್ಮಿಂದ ನಿರೀಕ್ಷಿಸಿಕೊಳ್ಳುವುದಿಲ್ಲ. ರಾತ್ರಿ ತೀರ ಕಷ್ಟವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಎರಡು ಬಾರಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಿದ್ದಾರೆ. ಔಷಧದ ಪ್ರಮಾಣವನ್ನು ವೈದ್ಯರು ಅರ್ಧಕ್ಕೆ ಇಳಿಸಿದ್ದಾರೆ, ನಿಲ್ಲಿಸಿಲ್ಲ. ಕಳೆದ ಬಾರಿ ಆ ಒಂಬತ್ತು ಪ್ರಶ್ನೆಗಳನ್ನು ಕೇಳಿದಾಗ ಅಂಕ ಏಳಕ್ಕೆ ಬಂದಿತ್ತು. ಇದರಲ್ಲಿ ಕಸೂತಿಯ ಪಾಲೆಷ್ಟು, ಗುಳಿಗೆಯ ಪಾಲೆಷ್ಟು, ಆದೇಶದ ಪಾಲೆಷ್ಟು ಎಂದು ಹೇಳಲು ಒಂದೇ ಪ್ರಕರಣದಿಂದ ಸಾಧ್ಯವಿಲ್ಲ. ಮೊದಲ ಎರಡೂ ಇದ್ದು ಮೂರನೆಯದು ಇಲ್ಲದಿದ್ದರೆ ಯಾವುದೂ ಫಲಿಸುತ್ತಿರಲಿಲ್ಲ ಎಂಬುದು ಮಾತ್ರ ನನ್ನ ದೃಢ ನಂಬಿಕೆ.

2024ರ ಆಯುಧಪೂಜೆಗೆ ಅವರು ಬೆಂಗಳೂರಿನಲ್ಲಿ ಇರಲಿಲ್ಲ. ಒಂದು ತಿಂಗಳ ಮುಂಚೆಯೇ ಯೋಜಿಸಿ, ಮಗಳ ದಸರಾ ರಜೆಯಲ್ಲಿ ತವರಿಗೆ ಹೋದರು. ಹೊಂದಿಕೊಂಡು ಹೋಗು ಎಂದು ಹದಿನಾಲ್ಕು ವರ್ಷ ಹೇಳುತ್ತಿದ್ದ ಮನೆ ಅದು, ಹೋಗುವುದು ಸುಲಭವಾಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತ ತಾಯಿ, ಮಗಳು ತಂದಿದ್ದ ತೇರಿನ ಬಟ್ಟೆಯನ್ನು ಇಸಿದುಕೊಂಡು ಮೊದಲು ಹಿಂಬದಿಗೆ ತಿರುಗಿಸಿದರಂತೆ. ಹೆಬ್ಬೆರಳಿನಿಂದ ಸವರುತ್ತ ಬಂದು ಕಳಶದ ಬಳಿ ನಿಂತು, ‘ಇಲ್ಲೊಂದು ಎಳಿ ತಪ್ಪೇತಲ್ಲ’ ಎಂದರಂತೆ. ‘ಹೌದವ್ವ, ಗೊತ್ತೈತಿ’ ಎಂದು ಇವರು ಹೇಳಿದರಂತೆ. ತಾಯಿ ಮತ್ತೇನೂ ಕೇಳದೆ ಬಟ್ಟೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೇ ಬಹಳ ಹೊತ್ತು ಕುಳಿತಿದ್ದರು ಎಂದು ಊರಿನಿಂದ ಬಂದ ಮೇಲೆ ನನಗೆ ತಿಳಿಸಿದರು.

ಕಡತ ಇನ್ನೂ ತೆರೆದೇ ಇದೆ. ಜೀವನಾಂಶದ ಎರಡು ಕಂತು ಬಂದಿದೆ, ಉಳಿದದ್ದು ಬಾಕಿ. ಪಾತ್ರೆಗಳು ಮರಳಿ ಬಂದಿವೆ. ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ, ವಕೀಲರ ಕೈಬರಹದಲ್ಲಿ, ‘ಚಂದ್ರಕಾಳಿ ಸೀರೆ, ತಾಯಿಯವರು ಕೈಯಲ್ಲಿ ಕಸೂತಿ ಹಾಕಿದ್ದು, ಒಂದು’ ಎಂದಿದೆ. ಅದರ ಮುಂದಿನ ಚೌಕ ಖಾಲಿ ಇದೆ.